ಥರ್ಮೋಕೋಲ್ ಮಾದರಿಯಿಂದ ಅಲ್ಯೂಮಿನಿಯಂ ಎರಕ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಥರ್ಮೋಕೋಲಿನಲ್ಲಿ ಮಾದರಿ ಕೆತ್ತಿ, ಒಣ ಮರಳಿನಲ್ಲಿ ಹೂತು, ಅದರ ಮೇಲೆಯೇ ಕರಗಿದ ಅಲ್ಯೂಮಿನಿಯಂ ಸುರಿಯುತ್ತಿದ್ದೇನೆ. ಬಿಸಿಗೆ ಥರ್ಮೋಕೋಲ್ ಕರಗಿಹೋಗಿ ಆ ಜಾಗದಲ್ಲಿ ಲೋಹ ತುಂಬಿಕೊಳ್ಳುತ್ತದೆ. ಎರಕದ ಮೈಮೇಲೆ ಕಾಳುಕಾಳಾದ ಗುರುತು ಬೀಳುತ್ತಿದೆ. ಅಲ್ಲಲ್ಲಿ ಮಡಿಕೆ ಬಿದ್ದಂತೆ ಕಪ್ಪು ಗೆರೆಗಳೂ ಇವೆ. ಎಲ್ಲಿ ತಿದ್ದಿಕೊಳ್ಳಬೇಕು?

ಮೊದಲ ಉತ್ತರ: ಕಾಳಿನ ಗುರುತು ಮಾದರಿಯಿಂದಲೇ ಬಂದದ್ದು. ಮಾದರಿಯ ಮೈ ಹೇಗಿದೆಯೋ ಲೋಹದ ಮೈಯೂ ಹಾಗೆಯೇ. ಪ್ಯಾಕಿಂಗಿನಲ್ಲಿ ಬರುವ ದಪ್ಪಕಾಳಿನ ತುಂಡುಗಳನ್ನು ಬಿಟ್ಟು ಸಣ್ಣಕಾಳಿನ ಹಾಳೆ ಹುಡುಕಿ. ಘನ ಮೀಟರಿಗೆ 16ರಿಂದ 24 ಕಿಲೋ ತೂಗುವಂಥದ್ದು ಸಾಕು. ಇನ್ನೂ ಗಟ್ಟಿಯಾದದ್ದು ಕೆತ್ತಲು ಹಿತ, ಆದರೆ ಸುರಿಯುವಾಗ ಅನಿಲವೂ ಹೆಚ್ಚು. ನೈಕ್ರೋಮ್ ತಂತಿಯನ್ನು (ವಿದ್ಯುತ್ ಹರಿದರೆ ಕಾಯುವ ಲೋಹದ ತಂತಿ) ಕಾಯಿಸಿ ಕತ್ತರಿಸುವಾಗ ಒಂದೇ ವೇಗದಲ್ಲಿ ಸಾಗಿ. ಕೈ ನಿಂತ ಕಡೆ ಹಳ್ಳ ಬೀಳುತ್ತದೆ. ಆಮೇಲೆ ನಯವಾದ ಮರಳುಕಾಗದದಿಂದ ಹಗುರವಾಗಿ ಉಜ್ಜಿ, ಉಳಿದ ಸಂದುಗಳಿಗೆ ಸ್ವಲ್ಪವೇ ಮೇಣ ತುಂಬಿ. ಪೆಟ್ರೋಲ್ ಅಥವಾ ಅಸಿಟೋನ್ ಇರುವ ಅಂಟು, ಬಣ್ಣ ಯಾವುದೂ ಬೇಡ, ಥರ್ಮೋಕೋಲ್ ಕರಗಿಹೋಗುತ್ತದೆ.

ಎರಡನೆಯ ಉತ್ತರ: ಮೇಲಿನವರು ಹೇಳಿದ್ದು ಸರಿ, ಆದರೆ ನಿಮ್ಮ ಕಪ್ಪು ಗೆರೆಗೆ ಕಾರಣ ಬೇರೆ ಎಂಬುದು ನನ್ನ ಅಭಿಪ್ರಾಯ. ಲೋಹದ ಎರಡು ಧಾರೆಗಳು ಎದುರುಬದುರಾಗಿ ಬಂದು ಸೇರುವ ಕಡೆ, ಥರ್ಮೋಕೋಲಿನ ಶೇಷ ನಡುವೆ ಸಿಕ್ಕಿಕೊಂಡರೆ ಧಾರೆಗಳು ಬೆಸೆದುಕೊಳ್ಳುವುದಿಲ್ಲ. ಆ ಶೇಷ ಹೊರಗೆ ಹೋಗಲು ದಾರಿ ಬೇಕು. ದಾರಿ ಕೊಡುವುದು ಮಾದರಿಯ ಮೈಗೆ ಹಚ್ಚುವ ಲೇಪ. ಜಿಪ್ಸಂ ಹಲಗೆಗಳ ಕೀಲು ಮುಚ್ಚುವ ಪುಟ್ಟಿಯನ್ನು ನೀರಿನಲ್ಲಿ ಬಣ್ಣದಷ್ಟು ತೆಳುವಾಗಿ ಕಲಸಿ ಹಚ್ಚಿದರೆ, ಮರಳು ಕುಸಿಯದಂತೆ ತಡೆಯುತ್ತದೆ, ಅನಿಲವನ್ನೂ ಹೊರಬಿಡುತ್ತದೆ. ದಪ್ಪವಾಗಿ ಬಳಿದರೆ ಅನಿಲ ಒಳಗೇ ಉಳಿಯುತ್ತದೆ. ತುಂಡುಗಳನ್ನು ಜೋಡಿಸುವ ಅಂಟೂ ಅಷ್ಟೇ, ಕಡಿಮೆಯಿದ್ದಷ್ಟು ಒಳ್ಳೆಯದು.

ಲೇಪ ಪೂರ್ತಿ ಒಣಗದೆ ದಯವಿಟ್ಟು ಸುರಿಯಬೇಡಿ. ಒದ್ದೆ ಉಳಿದಿದ್ದರೆ ನೀರು ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಮುಖಕ್ಕೆ ಎರಚಬಹುದು. ಬೇಗ ಒಣಗಲಿ ಎಂದು ಹೆಚ್ಚು ಬಿಸಿಗೂ ಇಡಬೇಡಿ, ಥರ್ಮೋಕೋಲ್ ನೂರು ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ನಾನು ಗಾಳಿಯಾಡುವ ಕಡೆ ಇಟ್ಟು ಕಾಯುತ್ತೇನೆ.

ಸುರಿಯಲು ಆರಂಭಿಸಿದ ಮೇಲೆ ನಿಲ್ಲಿಸಬಾರದು. ಸುರಿಬಾಯಿ ಸದಾ ತುಂಬಿರಬೇಕು. ನಡುವೆ ಧಾರೆ ಕಡಿದರೆ ಥರ್ಮೋಕೋಲ್ ಕರಗಿ ಖಾಲಿಯಾದ ಜಾಗಕ್ಕೆ ಮರಳು ಕುಸಿಯುತ್ತದೆ. ಥರ್ಮೋಕೋಲನ್ನು ಕರಗಿಸಿ ಆವಿಯಾಗಿಸುವ ಶಾಖವೂ ಲೋಹದಿಂದಲೇ ಹೋಗುವುದರಿಂದ, ಟೊಳ್ಳು ಅಚ್ಚಿಗೆ ಸುರಿಯುವುದಕ್ಕಿಂತ ತುಸು ಹೆಚ್ಚು ಕಾಯಿಸಿ.

ಮೂರನೆಯ ಉತ್ತರ: ಅಳತೆಯ ಮಾತು ಯಾರೂ ಎತ್ತಲಿಲ್ಲ. ಅಲ್ಯೂಮಿನಿಯಂ ಆರುವಾಗ ಸುಮಾರು ಶೇ 1.3ರಷ್ಟು ಕುಗ್ಗುತ್ತದೆ, ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಕತ್ತರಿಸಿ. ಬೇರೆ ಭಾಗವನ್ನು ಸರಿಯಾಗಿ ಕೂರಿಸಬೇಕಾದ ರಂಧ್ರಗಳಿದ್ದರೆ ಎರಕದ ನಂತರ ಕೊರೆಯುವುದೇ ಲೇಸು. ಕತ್ತರಿಸುವಾಗಲೂ ಸುರಿಯುವಾಗಲೂ ಏಳುವ ಹೊಗೆಯಲ್ಲಿ ಸ್ಟೈರೀನ್ ಎಂಬ ಹಾನಿಕರ ರಾಸಾಯನಿಕ ಇರುತ್ತದೆ. ಕೆಲಸ ಬಯಲಿನಲ್ಲೇ ಆಗಲಿ, ಗಾಳಿ ಬೀಸುವ ದಿಕ್ಕು ನೋಡಿ ನಿಂತುಕೊಳ್ಳಿ.