ಜಾಮೀನು ಸಿಕ್ಕ ಮೇಲೂ ವಲಸೆ ಇಲಾಖೆಗಾಗಿ ಜೈಲಿನಲ್ಲಿ ಇರಿಸಿಕೊಳ್ಳಬಹುದೇ?

ಪ್ರಶ್ನೆ: ಅಮೆರಿಕದಲ್ಲಿ ಜಾಮೀನು ಪಡೆದ ವ್ಯಕ್ತಿಯನ್ನು, ಒಕ್ಕೂಟ ಸರ್ಕಾರದ ವಲಸೆ ಅಧಿಕಾರಿಗಳು ಕೋರಿದರೆಂಬ ಒಂದೇ ಕಾರಣಕ್ಕೆ, ಕೌಂಟಿ (ಜಿಲ್ಲಾ ಮಟ್ಟದ) ಜೈಲು ಮತ್ತೆ 48 ಗಂಟೆ ಇರಿಸಿಕೊಳ್ಳುವುದನ್ನು ರಾಜ್ಯದ ಕಾನೂನು ತಡೆಯಬಲ್ಲುದೇ?

ಉತ್ತರ 1: ತಡೆಯಬಲ್ಲುದು. ಬಿಡುಗಡೆಯಾಗಬೇಕಾದವರನ್ನು ಹಾಗೆ ಇರಿಸಿಕೊಳ್ಳುವುದು ಹೊಸದೊಂದು ಬಂಧನವೇ ಆಗುತ್ತದೆ, ಅದಕ್ಕೆ ರಾಜ್ಯದ ಕಾನೂನಿನಲ್ಲಿ ಅಧಿಕಾರವಿಲ್ಲ ಎಂದು ಮ್ಯಾಸಚೂಸೆಟ್ಸ್ ರಾಜ್ಯದ ಅತ್ಯುನ್ನತ ನ್ಯಾಯಾಲಯ 2017ರ ಲನ್ ಪ್ರಕರಣದಲ್ಲಿ ಹೇಳಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಮತ್ತು ಇಲಿನಾಯ್ ಇದನ್ನು ತಡೆಯಲು ಶಾಸನಗಳನ್ನೇ ತಂದವು.

ಉತ್ತರ 2: ಕೋರಿಕೆಯ ಜೊತೆಗೆ ವಾರಂಟ್ ಕೂಡ ಬರುತ್ತದಲ್ಲವೇ?

ಉತ್ತರ 3: ಬರುತ್ತದೆ, ಆದರೆ ಅದರ ಸಹಿಯನ್ನು ಗಮನಿಸಿ: ಅದು ನ್ಯಾಯಾಧೀಶರದ್ದಲ್ಲ, ವಲಸೆ ಅಧಿಕಾರಿಯದ್ದು. ಗಡೀಪಾರಿಗೆ ಅರ್ಹರಾದವರು ದೇಶದಲ್ಲಿ ಉಳಿದಿರುವುದು ಸಾಮಾನ್ಯವಾಗಿ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2012ರ ಅರಿಜೋನಾ ತೀರ್ಪಿನಲ್ಲೇ ಹೇಳಿದೆ; ಹಾಗಾಗಿ ಇದು ಅಪರಾಧಕ್ಕಾಗಿ ಹೊರಡಿಸಿದ ವಾರಂಟ್ ಕೂಡ ಅಲ್ಲ. ಇಷ್ಟಾದರೂ ಒಕ್ಕೂಟದ ಅಧಿಕಾರಿಗಳ ಕೈಯನ್ನು ಈ ಶಾಸನಗಳು ಕಟ್ಟಿಹಾಕುವುದಿಲ್ಲ. ಅವರು ಜೈಲಿನ ಹೊರಗೆ ಕಾದು ಬಂಧಿಸಬಹುದು. ಟೆಕ್ಸಸ್ ಅಂತೂ 2017ರಲ್ಲಿ, ಇಂತಹ ಕೋರಿಕೆಗಳನ್ನು ಜೈಲುಗಳು ಪಾಲಿಸಲೇಬೇಕೆಂದು ಇದಕ್ಕೆ ತದ್ವಿರುದ್ಧವಾದ ಕಾನೂನು ಮಾಡಿತು.