ಸಹಾಯ ಬೇಕು: ಐದು ಜನ ಕೂತು ಘಟ್ಟ ಹತ್ತೋಕೆ ಯಾವ ಕಾರು?

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಹಳೇ 800 ಸಿಸಿ ಕಾರಿನಲ್ಲಿ ಐದು ಜನ ಚಾರ್ಮಾಡಿ ಘಾಟಿ ಹತ್ತಿದೆವು. ಹೇರ್‌ಪಿನ್ ತಿರುವಿನಲ್ಲಿ, ಎರಡನೇ ಗೇರಿನಲ್ಲಿ, ಕಾರು ಏದುಸಿರು ಬಿಟ್ಟಿತು. ಏಸಿ ಆಫ್ ಮಾಡಿ ಮೊದಲನೇ ಗೇರಿಗೆ ಹಾಕಿದ ಮೇಲೇ ಮುಂದೆ ಹೋಗಿದ್ದು. ಹಿಂದಿನಿಂದ ಬಸ್ಸಿನವನ ಹಾರ್ನ್ ಬೇರೆ!

ಮನೆಗೆ ಬಂದು ಲೆಕ್ಕ ಹಾಕಿದೆ. ಹಳೇ ಕಾರಿನ ಎಂಜಿನ್ ಶಕ್ತಿ 37 ಎಚ್‌ಪಿ (ಹಾರ್ಸ್‌ಪವರ್), ಖಾಲಿ ತೂಕ 650 ಕೆಜಿ. ಅಂದರೆ ಟನ್ನಿಗೆ 57 ಎಚ್‌ಪಿ. ತಲಾ 65 ಕೆಜಿಯಂತೆ ಐವರನ್ನು ಸೇರಿಸಿದರೆ 38ಕ್ಕೆ ಇಳಿಯುತ್ತದೆ. ಅಮ್ಮನ ಹಲಸಿನಕಾಯಿ ಇದರಲ್ಲಿ ಸೇರಿಲ್ಲ.

ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಪೆಟ್ರೋಲ್ ಕಾರು ನೋಡಿದ್ದೇವೆ. ಸಣ್ಣದು 83 ಎಚ್‌ಪಿ, 900 ಕೆಜಿ. ಏಳು ಸೀಟಿನದು 103 ಎಚ್‌ಪಿ, 1,180 ಕೆಜಿ. ಖಾಲಿ ಇದ್ದಾಗ ಸಣ್ಣದಕ್ಕೆ ಟನ್ನಿಗೆ 92, ದೊಡ್ಡದಕ್ಕೆ 87. ಐವರು ಕೂತರೆ ಎರಡೂ ಹೆಚ್ಚುಕಮ್ಮಿ 68! ಭಾರದ ಕಾರಿಗೆ ಜನರ ತೂಕ ಅಷ್ಟಾಗಿ ತಟ್ಟುವುದಿಲ್ಲ, ಅಲ್ವಾ?

ಆದರೆ ಪೂರ್ತಿ ಪವರ್ ಬರೋದು 6,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಹತ್ತಿರ. ಏರಿನಲ್ಲಿ ನಾನಂತೂ ಅಲ್ಲಿಯವರೆಗೆ ಎಳೆಯುವುದಿಲ್ಲ. ಹಾಗಾದರೆ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ), ಗೇರ್ ರೇಶಿಯೋ (ಆ ಬಲವನ್ನು ಗೇರು ಎಷ್ಟು ಪಟ್ಟು ಮಾಡಿ ಚಕ್ರಕ್ಕೆ ಕೊಡುತ್ತದೆ ಅನ್ನೋದು) ನೋಡಿ ಆರಿಸಬೇಕಾ? ಕಾರು ತುಂಬ ಜನರನ್ನು ಕೂರಿಸಿಕೊಂಡು ಘಟ್ಟ ಹತ್ತಿದವರು ದಯವಿಟ್ಟು ಹೇಳಿ. ಮಾರುವವರು ಮೈಲೇಜ್ ಬಿಟ್ಟು ಬೇರೆ ಮಾತೇ ಆಡುತ್ತಿಲ್ಲ.