ಶಾಲೆಯ ಕುದುರೆ ಲಾಯದಲ್ಲಿ ಉಳಿದುಕೊಂಡು ಮಾಡುವ ಕೆಲಸ: ಒಪ್ಪಿಕೊಳ್ಳಲೇ?

ಪ್ರಶ್ನೆ (ಸದಸ್ಯೆ, ಮೈಸೂರು)

ನಮಸ್ಕಾರ ಸರ್. ನನಗೆ 24 ವರ್ಷ. ಬಿ.ಎಸ್ಸಿ. ಮುಗಿಸಿ ಎರಡು ವರ್ಷಗಳಿಂದ ಮೈಸೂರಿನ ಹೊರವಲಯದ ಒಂದು ಸವಾರಿ ಕೇಂದ್ರದಲ್ಲಿ ಸಹಾಯಕ ತರಬೇತುದಾರಳಾಗಿದ್ದೇನೆ. ಈಗ ನೀಲಗಿರಿಯ ಒಂದು ಖಾಸಗಿ ವಸತಿ ಶಾಲೆಯವರು ಕರೆದಿದ್ದಾರೆ. ಮಕ್ಕಳಿಗೆ ಸವಾರಿ ಕಲಿಸುವುದು, ಲಾಯದ ಉಸ್ತುವಾರಿ ನೋಡುವುದು, ಎರಡೂ ನನ್ನ ಪಾಲಿಗೆ. ಒಟ್ಟು 14 ಕುದುರೆಗಳು, ಮೂವರು ಸೈಸರು (ಕುದುರೆಗಳ ಆರೈಕೆ ಮಾಡುವವರು). ತಿಂಗಳಿಗೆ 22,000 ರೂಪಾಯಿ, ಲಾಯಕ್ಕೆ ಹೊಂದಿಕೊಂಡಂತೆ ಒಂದು ಕೋಣೆ, ಹಾಸ್ಟೆಲಿನ ಮೆಸ್ಸಿನಲ್ಲಿ ಊಟ, ಹದಿನೈದು ದಿನಕ್ಕೊಂದು ರಜೆ.

ನನಗೆ ಮನಸ್ಸಿದೆ. ಅಮ್ಮ ಮಾತ್ರ, “ಕುದುರೆ ನೋಡಿಕೊಳ್ಳಲು ಅಷ್ಟು ದೂರ ಹೋಗಿ ಒಬ್ಬಳೇ ಇರಬೇಕೇ?” ಎನ್ನುತ್ತಾರೆ. ಹೂಂ ಎನ್ನುವ ಮೊದಲು ಏನೇನು ವಿಚಾರಿಸಬೇಕು? ಲಾಯದ ಪಕ್ಕದಲ್ಲೇ ಮಲಗುವ ಅಗತ್ಯ ನಿಜವಾಗಿಯೂ ಇದೆಯೇ?

ಉತ್ತರ (ನಿವೃತ್ತ ರಿಸಾಲದಾರ್, ಸೇನೆಯ ರಿಮೌಂಟ್ ಮತ್ತು ಪಶುವೈದ್ಯ ದಳ, ಆಮೇಲೆ 13 ವರ್ಷ ವಸತಿ ಶಾಲೆಗಳ ಲಾಯದಲ್ಲಿ)

ತಂಗಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸಂಬಳ, ಕೋಣೆ, ಊಟ, ರಜೆ ಎಲ್ಲವನ್ನೂ ಅವರು ಹೇಳಿದ್ದಾರೆ. ಒಂದನ್ನು ಹೇಳಿಲ್ಲ. “ಈ ಕುದುರೆ ಇವತ್ತು ಹೊರಗೆ ಬರುವುದಿಲ್ಲ” ಎಂದು ಹೇಳುವ ಅಧಿಕಾರ ಯಾರದು? ಮೊದಲು ಅದನ್ನು ಕೇಳಿ. ಉತ್ತರ “ನಿಮ್ಮದೇ” ಎಂದಾದರೆ ಅದನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಿ.

ಇದನ್ನೇ ಹಿಡಿದು ಕೂತಿರುವುದಕ್ಕೆ ಕಾರಣವಿದೆ. ಖಾಸಗಿ ಶಾಲೆಯಲ್ಲಿ ಸವಾರಿಗೆ ಪೋಷಕರು ಬೇರೆ ಶುಲ್ಕ ಕೊಟ್ಟಿರುತ್ತಾರೆ. ಬೆಳಿಗ್ಗೆ ಆರೂವರೆಗೆ ಹತ್ತು ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ನಿಂತಿರುತ್ತಾರೆ. ಆಗ ಒಂದು ಕುದುರೆ ಕಡಿಮೆಯಾದರೆ ಕಚೇರಿಯಿಂದ ಫೋನು ಬರುತ್ತದೆ. ನಾನಿದ್ದ ಒಂದು ಶಾಲೆಯಲ್ಲಿ ತುಂಗಾ ಎಂಬ ಹೆಣ್ಣು ಕುದುರೆ ಇತ್ತು. ಏಳು ವರ್ಷದ ಮಗು ಲಗಾಮು ಎಳೆದಾಡಿದರೂ ಸಹಿಸಿಕೊಂಡು ನಿಲ್ಲುತ್ತಿದ್ದ ಜೀವ. ವಾರ್ಷಿಕೋತ್ಸವಕ್ಕೆ ಎರಡು ದಿನ ಇರುವಾಗ ಟ್ರಾಟ್ (ಹಗುರ ಓಟ) ಮಾಡಿಸಿದರೆ, ಬಲ ಮುಂಗಾಲು ಊರುವಾಗಲೆಲ್ಲ ತಲೆಯನ್ನು ಚೂರು ಮೇಲೆತ್ತುತ್ತಿದ್ದಳು. ಕೆಳಗೆ ಕೂತು ಎರಡೂ ಗೊರಸುಗಳನ್ನು ಅಂಗೈಯಿಂದ ಮುಟ್ಟಿ ನೋಡಿದೆ. ಎಡಗಡೆಯದು ತಣ್ಣಗಿತ್ತು. ಬಲಗಡೆಯದು ಆಗತಾನೇ ಇಳಿಸಿದ ಮುದ್ದೆಯ ಹಾಗೆ ಬಿಸಿ. ಗೊರಸಿನ ಮೇಲೆ, ಕಾಲಿನ ಹಿಂಬದಿಗೆ ಬೆರಳಿಟ್ಟರೆ ನಾಡಿ ಡಬಡಬ ಹೊಡೆಯುತ್ತಿತ್ತು. ಒಳಗೆ ಕೀವು ಕಟ್ಟುತ್ತಿದೆ, ಬೇಡ ಎಂದೆ. “ಹತ್ತೇ ನಿಮಿಷದ ಪ್ರದರ್ಶನ, ಮುಖ್ಯ ಅತಿಥಿಗಳು ಬರುತ್ತಾರೆ” ಎಂದರು. ನನ್ನ ಕೈಯಲ್ಲಿ ಬರಹದಲ್ಲಿ ಏನೂ ಇರಲಿಲ್ಲ. ತುಂಗಾಳನ್ನು ಅಂಗಳಕ್ಕೆ ನಡೆಸಿಕೊಂಡು ಹೋದದ್ದು ನಾನೇ. ನಾಲ್ಕನೆಯ ದಿನ ಗೊರಸಿನ ಮೇಲಂಚಿನಲ್ಲಿ ಕೀವು ಒಡೆದು ಬಂತು. ಆರು ವಾರ ಲಾಯ ಬಿಟ್ಟು ಹೊರಬರಲಿಲ್ಲ. ಆ ನೋವು ನನ್ನಲ್ಲಿ ಇನ್ನೂ ಇದೆ. ಕುಂಟುವ ಕುದುರೆ ಎಡವಿದರೆ ಮೇಲಿರುವ ಮಗುವೂ ಬೀಳುತ್ತದೆ ಎಂಬುದನ್ನು ಪ್ರಾಂಶುಪಾಲರಿಗೆ ನೀವು ಬಿಡಿಸಿ ಹೇಳಬೇಕು.

ಇನ್ನು ಕೆಲಸದ ಹೊರೆ. 14 ಕುದುರೆಗೆ ಮೂವರು ಸೈಸರೆಂದರೆ ತಲೆಗೆ ಹೆಚ್ಚು ಕಡಿಮೆ ಐದು. ಒಬ್ಬರು ಊರಿಗೆ ಹೋದರೆ ಏಳು. ಒಬ್ಬ ಸೈಸ ಮನಸ್ಸಿಟ್ಟು ನೋಡಿಕೊಳ್ಳಬಹುದಾದದ್ದು ಮೂರು, ಬಹಳವೆಂದರೆ ನಾಲ್ಕು. ಉಳಿದ ಲದ್ದಿ ಬಾಚುವುದು, ಮೈ ತಿಕ್ಕುವುದು, ಗೊರಸು ಕೆದಕುವುದು ಎಲ್ಲವೂ ನಿಮ್ಮ ತಲೆಗೇ ಬರುತ್ತದೆ. ಅದು ಕೀಳು ಕೆಲಸವೇನಲ್ಲ, ನಾನು ಇಂದಿಗೂ ಮಾಡುತ್ತೇನೆ. ಆದರೆ ಬೆಳಿಗ್ಗೆ ಐದಕ್ಕೆ ಮೇವು, ಆಮೇಲೆ ಎರಡು ತರಗತಿ, ಮಧ್ಯಾಹ್ನ ಮತ್ತೆ ತರಗತಿ, ರಾತ್ರಿ ಒಂಬತ್ತಕ್ಕೆ ಕೊನೆಯ ಸುತ್ತು. ಇದರ ಮೇಲೆ ಹದಿನೈದು ದಿನಕ್ಕೆ ಒಂದೇ ರಜೆ ಎಂದರೆ ಆರು ತಿಂಗಳಲ್ಲಿ ದೇಹ ಸೋಲುತ್ತದೆ. ನಾಲ್ಕನೆಯ ಸೈಸ, ವಾರಕ್ಕೊಂದು ರಜೆ, ಎರಡನ್ನೂ ಕೇಳಿ.

ಮೇವಿನ ಕೊಟ್ಟಿಗೆಯನ್ನು ಕಣ್ಣಾರೆ ನೋಡಿ. ಕುದುರೆಗೆ ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡರಷ್ಟು ಒಣಹುಲ್ಲು ಬೇಕು. 450 ಕಿಲೋ ತೂಗುವ ಕುದುರೆಗೆ 9 ಕಿಲೋ. ಹದಿನಾಲ್ಕಕ್ಕೆ ದಿನಕ್ಕೆ 126 ಕಿಲೋ, ತಿಂಗಳಿಗೆ ಮೂರು ಮುಕ್ಕಾಲು ಟನ್ನಿನಷ್ಟು. ಅಲ್ಲಿಗೆ ಹುಲ್ಲು ಬಯಲುಸೀಮೆಯಿಂದ ಲಾರಿಯಲ್ಲಿ ಹತ್ತಿ ಬರಬೇಕು. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚಿದರೆ ಎಷ್ಟು ದಿನಕ್ಕಾಗುವಷ್ಟು ದಾಸ್ತಾನಿದೆ? ಹುಲ್ಲು ಕಡಿಮೆಯಾದಾಗ ಹುರುಳಿ, ಓಟ್ಸ್ ಜಾಸ್ತಿ ಸುರಿದು ಸರಿದೂಗಿಸುವ ಲಾಯಗಳನ್ನು ಕಂಡಿದ್ದೇನೆ. ಹೊಟ್ಟೆನೋವು ಶುರುವಾಗುವುದೇ ಅಲ್ಲಿ.

ಲಾಯದ ಪಕ್ಕ ಮಲಗಬೇಕೇ ಎಂದು ಕೇಳಿದಿರಿ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆಯಲ್ಲಿ ಗಾಳಿ ತುಂಬಿದರೂ ಕರುಳು ಕಟ್ಟಿದರೂ ಮೇಲಿನಿಂದ ಹೊರಗೆ ಬರುವ ದಾರಿಯಿಲ್ಲ. ಅದು ಎಷ್ಟೋ ಸಲ ಆಗುವುದು ರಾತ್ರಿ, ಯಾರೂ ನೋಡದ ಹೊತ್ತಿನಲ್ಲಿ. ಮುಂಗಾಲಿನಿಂದ ನೆಲ ಕೆರೆಯುತ್ತದೆ, ತಿರುಗಿ ತಿರುಗಿ ಪಕ್ಕೆ ನೋಡಿಕೊಳ್ಳುತ್ತದೆ, ಮಲಗುತ್ತದೆ, ಏಳುತ್ತದೆ, ಹೊರಳುತ್ತದೆ, ಲದ್ದಿ ಹಾಕುವುದಿಲ್ಲ. ಹತ್ತು ಗಂಟೆಗೆ ಕಂಡರೆ ಉಳಿಸಬಹುದಾದ ಜೀವವನ್ನು ಬೆಳಿಗ್ಗೆ ಐದಕ್ಕೆ ಕಂಡರೆ ಉಳಿಸಲಾಗದೆ ಹೋಗಬಹುದು. ಆದ್ದರಿಂದ ಯಾರಾದರೂ ಒಬ್ಬರು ಕೂಗಳತೆಯಲ್ಲಿ ಇರಲೇಬೇಕು. ಆದರೆ ಆ ಒಬ್ಬರು ದಿನವೂ ನೀವೇ ಆಗಿರಬೇಕಿಲ್ಲ. ಸೈಸರೊಂದಿಗೆ ರಾತ್ರಿ ಪಾಳಿ ಹಂಚಿಕೊಳ್ಳಿ.

ರಾತ್ರಿ ಬರುವ ವೈದ್ಯರು ಯಾರು, ಎಲ್ಲಿಂದ ಬರುತ್ತಾರೆ ಎಂಬುದೂ ಮುಖ್ಯ. “ಮೈಸೂರಿನಿಂದ ಕರೆಸುತ್ತೇವೆ” ಎಂದರೆ ಒಪ್ಪಬೇಡಿ. ಮೈಸೂರಿನವರಾದ ನಿಮಗೆ ಗೊತ್ತೇ ಇದೆ, ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಆನೆಗಳಿಗೆ ಅದು ಬೇಕೇ ಬೇಕು. ಲಾಯಕ್ಕೆ ಬೇಕಾದದ್ದು ಘಾಟಿಯ ಮೇಲೆಯೇ ಇರುವ, ಕುದುರೆ ನೋಡಿ ಅನುಭವವಿರುವ ವೈದ್ಯರು.

ಸಂಬಳ ತೀರಾ ಕಡಿಮೆಯಲ್ಲ. ಆದರೆ ಒಂದು ಲೆಕ್ಕ ಗಮನಿಸಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಸೌಲಭ್ಯದ ವೇತನ ಮಿತಿ 2017ರಿಂದ 21,000 ರೂಪಾಯಿ. ನಿಮ್ಮದು ಅದಕ್ಕಿಂತ 1,000 ಹೆಚ್ಚು, ಹಾಗಾಗಿ ಆ ಸೌಲಭ್ಯ ನಿಮಗೆ ಸಿಗುವುದಿಲ್ಲ. ಕುದುರೆ ಒದ್ದು ಮೂಳೆ ಮುರಿದರೆ ಆಸ್ಪತ್ರೆಯ ಬಿಲ್ಲು ಯಾರು ಕಟ್ಟುತ್ತಾರೆ? ಶಾಲೆ ಬೇರೆ ಅಪಘಾತ ವಿಮೆ ಮಾಡಿಸಬೇಕು, ಪಾಲಿಸಿಯ ಪ್ರತಿ ನಿಮ್ಮ ಬಳಿ ಇರಬೇಕು. ಪಿಎಫ್ ಬಗ್ಗೆಯೂ ಕೇಳಿ.

ಪ್ರತಿಕ್ರಿಯೆ (ಮಡಿಕೇರಿ, ಹಿಂದೆ ವಸತಿ ಶಾಲೆಯಲ್ಲಿ ಸವಾರಿ ಶಿಕ್ಷಕಿ)

ರಿಸಾಲದಾರ್ ಸರ್ ಕುದುರೆಯ ಕಡೆಯಿಂದ ಹೇಳಿದರು. ನಾನು ಕೋಣೆಯ ಕಡೆಯಿಂದ ಹೇಳುತ್ತೇನೆ, ಅಮ್ಮನಿಗೂ ಓದಿ ಹೇಳಿ. ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕವಿದೆಯೇ? ಬಚ್ಚಲು ಕೋಣೆಯೊಳಗೇ ಇದೆಯೇ, ಕತ್ತಲಲ್ಲಿ ಅಂಗಳ ದಾಟಿ ಹೋಗಬೇಕೇ? ಮೊಬೈಲ್ ಸಿಗ್ನಲ್ ಸಿಗುತ್ತದೆಯೇ? ತೀರಾ ಹತ್ತಿರದ ಮಹಿಳಾ ವಾರ್ಡನ್ ಮನೆ ಎಷ್ಟು ದೂರ? ನನ್ನ ಮೊದಲ ಕೆಲಸದಲ್ಲಿ ಕೋಣೆಯ ಇನ್ನೊಂದು ಬೀಗದ ಕೈ ಯಾರ ಬಳಿ ಇದೆ ಎಂದು ನಾನು ಕೇಳಿರಲಿಲ್ಲ. ತಿಂಗಳಾದ ಮೇಲೆ ಗೊತ್ತಾಯಿತು, ಅದು ಸ್ಟೋರಿನ ಗೋಡೆಗೆ ಎಲ್ಲರ ಕೈಗೂ ಸಿಗುವಂತೆ ನೇತುಹಾಕಿತ್ತು.

ಯಾರೂ ಹೇಳದ ಇನ್ನೊಂದು ವಿಷಯ ರಜಾಕಾಲ. ಮಕ್ಕಳು ಮನೆಗೆ ಹೋಗುತ್ತಾರೆ, ಮೆಸ್ಸು ಮುಚ್ಚುತ್ತದೆ. ಕುದುರೆಗಳು ಎಲ್ಲಿಗೂ ಹೋಗುವುದಿಲ್ಲ. ಆಗ ನಿಮ್ಮ ಊಟ ಎಲ್ಲಿ, ಸಂಬಳ ಪೂರ್ತಿ ಬರುತ್ತದೆಯೇ, ನಿಮ್ಮ ರಜೆಯಲ್ಲಿ ಲಾಯ ಯಾರದು? ನಾನು ಒಂದು ಡಿಸೆಂಬರ್ ಪೂರ್ತಿ ಚಿಕ್ಕ ಸ್ಟೌವಿನ ಮೇಲೆ ಅನ್ನ ಸಾರು ಮಾಡಿಕೊಂಡಿದ್ದೆ. ಕೆಲಸ ಬಿಟ್ಟರೆ ಕೋಣೆ ಖಾಲಿ ಮಾಡಲು ಎಷ್ಟು ದಿನ ಕೊಡುತ್ತಾರೆ ಎಂಬುದನ್ನೂ ಬರೆಸಿಕೊಳ್ಳಿ. ಕೆಲಸ ಹೋದ ದಿನವೇ ಮನೆಯೂ ಹೋಗಬಾರದು.

ಮಕ್ಕಳೊಂದಿಗೆ ಒಂಟಿಯಾಗಿ ಇರುವ ಸಂದರ್ಭ ಬಾರದಂತೆ ತರಗತಿಗಳನ್ನು ಏರ್ಪಡಿಸಿಕೊಳ್ಳಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಶಾಲೆಯ ಆಡಳಿತಕ್ಕೆ ಹೇಳಿ ಸುಮ್ಮನಾದರೆ ಸಾಲದು. ಕುದುರೆಯ ಪಕ್ಕದಲ್ಲಿ ನಿಂತಾಗ ಮಕ್ಕಳು ತರಗತಿಯಲ್ಲಿ ಹೇಳದ್ದನ್ನೂ ಹೇಳುತ್ತಾರೆ. ಜೀನು ಬಿಗಿಯುತ್ತಾ ಕಿವಿ ತೆರೆದಿಡಿ.

ಪ್ರತಿಕ್ರಿಯೆ (ಪಶುವೈದ್ಯೆ, ತುಮಕೂರು)

ಹೋಗುವ ಮೊದಲು ಧನುರ್ವಾಯು ಲಸಿಕೆ ಹಾಕಿಸಿಕೊಳ್ಳಿ. ಆ ರೋಗದ ಕಣಗಳು ಲದ್ದಿಯಲ್ಲೂ ಲಾಯದ ಮಣ್ಣಿನಲ್ಲೂ ಇರುತ್ತವೆ, ಒಂದು ಮೊಳೆ ಚುಚ್ಚಿದರೆ ಸಾಕು. ಕುದುರೆಗಳಿಗೂ ಆ ಲಸಿಕೆ ಬೇಕು. ದಾಖಲೆ ಪುಸ್ತಕ ತೋರಿಸಲು ಹೇಳಿ. ಪುಸ್ತಕವೇ ಇಲ್ಲದಿದ್ದರೆ ಲಾಯದ ಸ್ಥಿತಿ ನಿಮಗೆ ಅರ್ಥವಾಗುತ್ತದೆ.

ಗ್ಲ್ಯಾಂಡರ್ಸ್ ಎಂಬ ರೋಗದ ಬಗ್ಗೆ ತಿಳಿದಿರಲಿ. ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಬರುತ್ತದೆ, ಮನುಷ್ಯರಿಗೂ ಹರಡುತ್ತದೆ. ಮೂಗಿನಿಂದ ಅಂಟಂಟಾದ ಸ್ರಾವ, ಚರ್ಮದ ಮೇಲೆ ಗಂಟು, ಹುಣ್ಣು. ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಇದು. ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ರಕ್ತ ಪರೀಕ್ಷೆ ಆಗುತ್ತದೆ. ಹೊಸ ಕುದುರೆ ಬಂದರೆ ಪರೀಕ್ಷೆಯ ವರದಿ ಬರುವವರೆಗೆ ಬೇರೆ ಕಟ್ಟಿ, ಬೇರೆ ಬಕೆಟ್ ಇಡಿ.

ಪ್ರಶ್ನೆ (ಸದಸ್ಯ, ಬೆಳಗಾವಿ)

ಸರ್, ಇದೇ ದಾರಿ ಹಿಡಿಯಬೇಕೆಂಬ ಆಸೆ ನನಗೂ ಇದೆ. ಶಾಲೆಯ ಲಾಯದಿಂದ ಮುಂದೆ ಹೋಗಲು ಅವಕಾಶವಿದೆಯೇ?

ಉತ್ತರ (ನಿವೃತ್ತ ರಿಸಾಲದಾರ್)

ಇದೆ, ನಿಧಾನವಾಗಿ. ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದರು, ಆಮೇಲೆ ಟೋಕಿಯೊ ಒಲಿಂಪಿಕ್ಸ್‌ಗೂ ಹೋದರು. ಹಾಂಗ್‌ಝೌನಲ್ಲಿ 2023ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಡ್ರೆಸಾಜ್ (ಕುದುರೆಯನ್ನು ಲಯಬದ್ಧವಾಗಿ ನಡೆಸುವ ಸ್ಪರ್ಧೆ) ತಂಡ ಚಿನ್ನ ತಂದಿತು. ಅದು ಆ ಕೂಟದ ಕುದುರೆ ಸವಾರಿಯಲ್ಲಿ ನಮಗೆ 41 ವರ್ಷಗಳ ನಂತರ ಬಂದ ಚಿನ್ನ. ಹೀಗಾಗಿ ಮಕ್ಕಳಲ್ಲಿ ಆಸೆ ಹುಟ್ಟಿದೆ. ಆದರೆ ಶಾಲೆಗಳಿಗೆ ಬರುವ ಕುದುರೆಗಳಲ್ಲಿ ಬಹಳಷ್ಟು ರೇಸಿನಿಂದ ನಿವೃತ್ತವಾದವು. ಓಡುವುದೊಂದನ್ನೇ ಕಲಿತ ಕುದುರೆಗೆ ಮಗುವನ್ನು ಹೊತ್ತು ಮೆಲ್ಲಗೆ ನಡೆಯಲು ಕಲಿಸುವವರು ಕಡಿಮೆ. ಆ ವಿದ್ಯೆ ಕೈಗೆ ಹತ್ತಿದರೆ ಕೆಲಸ ಹುಡುಕಿಕೊಂಡು ಬರುತ್ತದೆ. ಲಾಳ ಕಟ್ಟುವವರು ಬಂದಾಗ ದೂರ ನಿಲ್ಲಬೇಡಿ, ಕಾಲು ಎತ್ತಿ ಹಿಡಿದುಕೊಂಡು ಪಕ್ಕದಲ್ಲೇ ಕೂತು ಕಲಿಯಿರಿ. ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬದಲಿಸಬೇಕಾಗುತ್ತದೆ, ವರ್ಷಕ್ಕೆ ಏಳೆಂಟು ಪಾಠ ಪುಕ್ಕಟೆ ಸಿಕ್ಕಂತೆ.

ಮರುಪ್ರಶ್ನೆ (ಸದಸ್ಯೆ, ಮೈಸೂರು), ಎಂಟು ದಿನಗಳ ನಂತರ

ಸರ್, ಅಮ್ಮನನ್ನೂ ಕರೆದುಕೊಂಡು ಹೋಗಿ ನೋಡಿ ಬಂದೆ. ಕೋಣೆ ಚೆನ್ನಾಗಿದೆ, ವಾರ್ಡನ್ ಮನೆ ಕೂಗಳತೆಯಲ್ಲಿದೆ, ಇನ್ನೊಂದು ಬೀಗದ ಕೈ ಅವರ ಬಳಿಯೇ ಇರುತ್ತದಂತೆ. ಕುದುರೆಯನ್ನು ನಿಲ್ಲಿಸುವ ಅಧಿಕಾರ ಬರೆದುಕೊಡಲು ಪ್ರಾಂಶುಪಾಲರು ಒಪ್ಪಿದರು. ಸ್ವಲ್ಪ ಯೋಚಿಸಿ, “ಇದನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ” ಎಂದರು. ವಾರಕ್ಕೊಂದು ರಜೆಗೆ ಒಪ್ಪಿಗೆ, ವಿಮೆಗೂ ಒಪ್ಪಿಗೆ. ನಾಲ್ಕನೆಯ ಸೈಸನ ವಿಷಯ ಮಾತ್ರ ಜೂನ್ ನಂತರ ಎಂದರು. ಹುಲ್ಲು ನಾಲ್ಕೇ ದಿನದ್ದಿತ್ತು. ಹಿರಿಯ ಸೈಸರು 19 ವರ್ಷದಿಂದ ಅಲ್ಲಿದ್ದಾರೆ. ಅವರು ಬಾಗಿಲಿಗೆ ಬಂದ ಕೂಡಲೇ 14 ಕುದುರೆಗಳೂ ತಲೆ ಹೊರಹಾಕಿದವು. ಅಮ್ಮ ಅದನ್ನೇ ನೋಡುತ್ತಾ ನಿಂತರು, ಬರುವಾಗ ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದರು. ಒಂದು ಬೂದು ಬಣ್ಣದ ಕುದುರೆಯ ಗೊರಸಿನ ಅಡಿಯಲ್ಲಿ ಕಪ್ಪಗೆ ಮೆತ್ತಗಾಗಿ ಕೆಟ್ಟ ವಾಸನೆ ಬರುತ್ತಿತ್ತು. ಹೋಗಲೇ?

ಉತ್ತರ (ನಿವೃತ್ತ ರಿಸಾಲದಾರ್)

ಹೋಗಿ, ತಂಗಿ. ಕುದುರೆಗಳು ತಲೆ ಹೊರಹಾಕಿ ನೋಡುವ ಮನುಷ್ಯನಿರುವ ಲಾಯ ಅದು. ಆ ಸೈಸರನ್ನು ಹಿರಿಯಣ್ಣನೆಂದು ತಿಳಿದು ನಡೆದುಕೊಳ್ಳಿ. ಪಟ್ಟಿಯಲ್ಲಿ ನೀವು ಅವರ ಮೇಲಿನವರಿರಬಹುದು, ಮೊದಲ ವರ್ಷ ಕಲಿಯಬೇಕಾದವರು ನೀವು. ನಾಲ್ಕನೆಯ ಸೈಸ ಬರುವವರೆಗೆ ದಿನಕ್ಕೆ ಹತ್ತು ಕುದುರೆಗಳನ್ನಷ್ಟೇ ತರಗತಿಗೆ ಬಿಡುತ್ತೇನೆ ಎಂದು ಈಗಲೇ ಹೇಳಿಬಿಡಿ. ಹದಿನೈದು ದಿನದ ಹುಲ್ಲನ್ನು ಮಳೆಗೆ ಮೊದಲೇ ಏರಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಪೇರಿಸಿ. ಬೂಷ್ಟು ಹಿಡಿದದ್ದನ್ನು ಕುದುರೆಗೆ ಹಾಕುವಂತಿಲ್ಲ.

ಬೂದು ಕುದುರೆಯದು ತೇವದಿಂದ ಬರುವ ಕೊಳೆತ. ಆ ಚಳಿ ಮಳೆಯ ಊರಿನಲ್ಲಿ ಸಾಮಾನ್ಯ. ದಿನಕ್ಕೆ ಎರಡು ಸಲ ಕೊಕ್ಕೆಯಿಂದ ಗೊರಸು ಕೆದಕಿ, ಉಜ್ಜಿ ತೊಳೆದು, ಬಟ್ಟೆಯಿಂದ ಪೂರ್ತಿ ಒಣಗಿಸಿ. ಕೊಳೆತ ಭಾಗವನ್ನು ಕತ್ತರಿಸುವುದು ಲಾಳದವರ ಕೆಲಸ, ಹಚ್ಚುವ ಔಷಧಿಯನ್ನು ವೈದ್ಯರು ಹೇಳಲಿ. ಎಲ್ಲಕ್ಕಿಂತ ಮೊದಲು ಅದು ನಿಲ್ಲುವ ಜಾಗ ಒಣಗಿರಬೇಕು. ಮೂತ್ರ ಹರಿದುಹೋಗುವ ಚರಂಡಿ ಕಟ್ಟಿಕೊಂಡಿದೆಯೇ ನೋಡಿ, ಬಹುಶಃ ಕಟ್ಟಿಕೊಂಡಿರುತ್ತದೆ. ಸೇರಿದ ದಿನ ನಾಲ್ಕೂ ಗೊರಸುಗಳ ಫೋಟೋ ತೆಗೆದು ಇಲ್ಲಿ ಹಾಕಿ, ನೋಡುತ್ತೇನೆ.